ಸುಜುಕಿ ಜೋಡಣೆ ಕೈಕೊಡುತ್ತಿದೆಯೇ? ತಕ್ಕಡಿಯಿಂದ ಕಾಲಂವರೆಗೆ ಒಂದು ಸಮಗ್ರ ಮಾರ್ಗದರ್ಶಿ

"ಸುಜುಕಿ ಕ್ರಿಯೆ ನಡೆಯುತ್ತಿಲ್ಲ, ಯಾವ ಲೈಗ್ಯಾಂಡ್‌ಗೆ ಬದಲಾಯಿಸಲಿ?" ಸಂಶೋಧನಾ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸುಜುಕಿ ಕ್ರಿಯೆ ಎಂದರೆ ಪಲ್ಲಾಡಿಯಂ ಕ್ರಿಯಾವರ್ಧಕದ ನೆರವಿನಿಂದ ಆರೈಲ್ ಹ್ಯಾಲೈಡನ್ನು (ಬೆಂಜೀನ್‌ನಂಥ ಉಂಗುರಕ್ಕೆ ಬ್ರೋಮಿನ್, ಕ್ಲೋರಿನ್‌ನಂಥದ್ದು ಅಂಟಿದ ಅಣು) ಬೊರಾನಿಕ್ ಆಮ್ಲದೊಂದಿಗೆ (ಬೋರಾನ್ ಹೊತ್ತ ಅಣು) ಜೋಡಿಸುವುದು; ಲೈಗ್ಯಾಂಡ್ ಎಂದರೆ ಆ ಪಲ್ಲಾಡಿಯಂಗೆ ಅಂಟಿಕೊಂಡು ಅದರ ವರ್ತನೆಯನ್ನು ತಿದ್ದುವ ಅಣು. ಮರುಪ್ರಶ್ನೆ ಯಾವಾಗಲೂ ಒಂದೇ: ಫ್ಲಾಸ್ಕ್‌ನಲ್ಲಿ ಏನು ಉಳಿದಿದೆ, ಹೊಸದಾಗಿ ಏನು ಹುಟ್ಟಿದೆ ಎಂದು ನೋಡಿದಿರಾ? ಹೆಚ್ಚಿನವರು ನೋಡಿರುವುದಿಲ್ಲ. ಇಳುವರಿ ಶೇಕಡಾ 15 ಬಂತು ಎಂದು ಬೇಸರಪಟ್ಟು, ಉಳಿದ 85 ಎಲ್ಲಿ ಹೋಯಿತೆಂದು ವಿಚಾರಿಸದೆ, ಮುಂದಿನ ದುಬಾರಿ ಲೈಗ್ಯಾಂಡ್ ತರಿಸುತ್ತಾರೆ. ಸಾಮಾನ್ಯ ಆರೈಲ್ ಬ್ರೋಮೈಡ್‌ಗಳ ವಿಷಯದಲ್ಲಿ ಲೈಗ್ಯಾಂಡ್ ದೋಷಿಯಾಗಿರುವುದು ಅಪರೂಪ. ಹೊರಹೋಗದ ಆಮ್ಲಜನಕ, ಹಳತಾದ ಬೊರಾನಿಕ್ ಆಮ್ಲ, ತಪ್ಪಿದ ಸೇರ್ಪಡೆಯ ಕ್ರಮ, ಈ ಮೂರರಲ್ಲಿ ಒಂದು ಸಿಕ್ಕಿಬೀಳುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಸಾಗೋಣ: 4-ಬ್ರೋಮೊಅನಿಸೋಲ್ ಮತ್ತು ಫಿನೈಲ್‌ಬೊರಾನಿಕ್ ಆಮ್ಲ ಸೇರಿ 4-ಮೆಥಾಕ್ಸಿಬೈಫಿನೈಲ್ ಆಗುವ ಕ್ರಿಯೆ. ನಿಮ್ಮ ಅಣು ಬೇರೆಯಾಗಿದ್ದರೂ ಮೊದಲು ಇದನ್ನೇ ಮಾಡಿ. ಇದು ನಡೆಯದಿದ್ದರೆ ತೊಂದರೆ ಇರುವುದು ನಿಮ್ಮ ಅಣುವಿನಲ್ಲಿ ಅಲ್ಲ, ನಿಮ್ಮ ಸಿದ್ಧತೆಯಲ್ಲಿ.

## ಮೊದಲು ತಿಳಿದಿರಬೇಕಾದಷ್ಟು ಕ್ರಿಯಾವಿಧಾನ

ಚಕ್ರದಲ್ಲಿ ಮೂರು ಘಟ್ಟಗಳಿವೆ. ಶೂನ್ಯ ಉತ್ಕರ್ಷಣ ಸ್ಥಿತಿಯ ಪಲ್ಲಾಡಿಯಂ, ಆರೈಲ್ ಹ್ಯಾಲೈಡ್‌ನ ಬಂಧದೊಳಗೆ ನುಗ್ಗುತ್ತದೆ. ಆಮೇಲೆ ಬೋರಾನ್ ತನ್ನ ಆರೈಲ್ ಗುಂಪನ್ನು ಪಲ್ಲಾಡಿಯಂಗೆ ಒಪ್ಪಿಸುತ್ತದೆ. ಇದಕ್ಕೆ ಪ್ರತ್ಯಾಮ್ಲ ಬೇಕೇ ಬೇಕು. ಕೊನೆಗೆ ಎರಡು ಆರೈಲ್ ಗುಂಪುಗಳು ಒಂದಾಗಿ ಹೊರಬೀಳುತ್ತವೆ, ಪಲ್ಲಾಡಿಯಂ ಮತ್ತೆ ಶೂನ್ಯ ಸ್ಥಿತಿಗೆ ಬರುತ್ತದೆ.

ಮೊದಲ ಘಟ್ಟದಲ್ಲಿ ಅಯೋಡೈಡ್ ಎಲ್ಲಕ್ಕಿಂತ ಚುರುಕು. ಬ್ರೋಮೈಡ್ ಮತ್ತು ಟ್ರೈಫ್ಲೇಟ್ ಅದರ ನಂತರ, ಕ್ಲೋರೈಡ್ ಬಹಳ ಹಿಂದೆ. ಮಾರ್ಗದರ್ಶಿಯ ಉಳಿದ ಭಾಗಕ್ಕೆ ಇಷ್ಟು ಸಾಕು.

## ಹಂತ 1: ಎರಡೂ ಆರಂಭ ವಸ್ತುಗಳನ್ನು ಪರೀಕ್ಷಿಸಿ

ಹ್ಯಾಲೈಡ್‌ನ ಶುದ್ಧತೆಯನ್ನು ಎಲ್ಲರೂ ನೋಡುತ್ತಾರೆ, ಬೊರಾನಿಕ್ ಆಮ್ಲದ ಶುದ್ಧತೆಯನ್ನು ನೋಡುವವರು ಕಡಿಮೆ. ಬೊರಾನಿಕ್ ಆಮ್ಲದ ಮೂರು ಅಣುಗಳು ನೀರನ್ನು ಕಳೆದುಕೊಂಡು ಬೊರಾಕ್ಸಿನ್ ಎಂಬ ಉಂಗುರವಾಗುತ್ತವೆ. ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಇವೆರಡರ ಮಿಶ್ರಣ. ಜಲೀಯ ಪ್ರತ್ಯಾಮ್ಲದಲ್ಲಿ ಬೊರಾಕ್ಸಿನ್ ಮರಳಿ ಆಮ್ಲವಾಗುವುದರಿಂದ ಅದಕ್ಕೆ ಹೆದರಬೇಕಿಲ್ಲ. ತೂಕದ ಲೆಕ್ಕ ಮಾತ್ರ ಸ್ವಲ್ಪ ತಪ್ಪುತ್ತದೆ, ಅಷ್ಟೆ. ಕ್ಷಯಿಸಿದ ಆಮ್ಲದ ಕಥೆ ಬೇರೆ. ಅದರಲ್ಲಿ ಬೋರಿಕ್ ಆಮ್ಲ, ಫೀನಾಲ್ ಸೇರಿಕೊಂಡಿರುತ್ತವೆ.

ಎರಡನ್ನೂ ಗುರುತಿಸಲು ಡ್ಯೂಟರೀಕೃತ ಡಿಎಂಎಸ್‌ಒ ದ್ರಾವಕದಲ್ಲಿ ಪ್ರೋಟಾನ್ ಎನ್‌ಎಂಆರ್ (ಅಣುವಿನ ಹೈಡ್ರೋಜನ್‌ಗಳನ್ನು ಶಿಖರಗಳಾಗಿ ತೋರಿಸುವ ರೋಹಿತ) ತೆಗೆಯಿರಿ, ಅನಂತರ ಅದೇ ನಳಿಕೆಗೆ ಒಂದು ಹನಿ ಭಾರಜಲ ಹಾಕಿ ಮತ್ತೊಮ್ಮೆ ತೆಗೆಯಿರಿ. ಹೆಚ್ಚುವರಿ ಶಿಖರಗಳು ಮಾಯವಾಗಿ ಒಂದೇ ಗುಂಪು ಉಳಿದರೆ ಅದು ಬೊರಾಕ್ಸಿನ್ ಆಗಿತ್ತು. ಹಾಗೆಯೇ ಉಳಿದರೆ ಅದು ಕಶ್ಮಲ. ಬಿಸಿ ನೀರಿನಿಂದ ಮರುಸ್ಫಟಿಕೀಕರಿಸಿ, ಇಲ್ಲವೇ ಹೊಸ ಬಾಟಲಿ ತೆರೆಯಿರಿ.

ಕೆಲವು ಬೊರಾನಿಕ್ ಆಮ್ಲಗಳು ಹುಟ್ಟಿನಿಂದಲೇ ದುರ್ಬಲ. 2-ಪಿರಿಡೈಲ್, ಐದು ಸದಸ್ಯರ ಹೆಟೆರೊ ಉಂಗುರಗಳ 2ನೇ ಸ್ಥಾನದವು ಹಾಗೂ ಬೋರಾನ್‌ನ ಎರಡೂ ಪಕ್ಕದಲ್ಲಿ ಫ್ಲೋರಿನ್ ಇರುವವು ಬಿಸಿ ಪ್ರತ್ಯಾಮ್ಲದಲ್ಲಿ ಬೋರಾನನ್ನು ಬೇಗ ಕಳಚಿಕೊಂಡು ಆ ಜಾಗಕ್ಕೆ ಹೈಡ್ರೋಜನ್ ತಂದುಕೊಳ್ಳುತ್ತವೆ. ಇಂಥವಕ್ಕೆ ಟ್ರೈಫ್ಲೋರೊಬೊರೇಟ್ ಲವಣ ಅಥವಾ ನಿಧಾನವಾಗಿ ಆಮ್ಲವನ್ನು ಬಿಟ್ಟುಕೊಡುವ ಎಂಐಡಿಎ ಬೊರೊನೇಟ್ ಆರಿಸಿಕೊಳ್ಳಿ.

## ಹಂತ 2: ಕ್ರಿಯಾವರ್ಧಕ, ಪ್ರತ್ಯಾಮ್ಲ, ದ್ರಾವಕ

ಹಳೆಯ ಪ್ರಯೋಗವಿಧಿಗಳಲ್ಲಿ ಎಲ್ಲೆಡೆ ಕಾಣುವುದು ಟೆಟ್ರಾಕಿಸ್, ಅಂದರೆ ನಾಲ್ಕು ಟ್ರೈಫಿನೈಲ್‌ಫಾಸ್ಫೀನ್‌ಗಳನ್ನು ಹೊತ್ತ ಪಲ್ಲಾಡಿಯಂ. ಒಳ್ಳೆಯ ಟೆಟ್ರಾಕಿಸ್ ಹೊಳೆಯುವ ಹಳದಿ ಹರಳು. ಕಿತ್ತಳೆ, ಕಂದು ಅಥವಾ ಹಸಿರು ಛಾಯೆಗೆ ತಿರುಗಿದ್ದರೆ ಅದು ಗಾಳಿಗೆ ಕೆಟ್ಟಿದೆ. ಅನುಮಾನವಿದ್ದರೆ ಫಾಸ್ಫರಸ್ ಎನ್‌ಎಂಆರ್ ತೆಗೆಯಿರಿ; 29 ಪಿಪಿಎಂನ ಆಸುಪಾಸಿನಲ್ಲಿ ದೊಡ್ಡ ಶಿಖರ ಎದ್ದಿದ್ದರೆ ಫಾಸ್ಫೀನ್ ಆಕ್ಸೈಡ್ ಆಗಿಹೋಗಿದೆ. "ಜಾಸ್ತಿ ಹಾಕಿದರೆ ನಡೆದೀತು" ಎಂಬ ಆಸೆಯಿಂದ ಕಂದು ಟೆಟ್ರಾಕಿಸ್ ಬಳಸುವುದು ಸಮಯದ ದಂಡ.

ಹೊಸಬರಿಗೆ ನಾನು ಹೇಳುವುದು ಡಿಪಿಪಿಎಫ್ ಎಂಬ ಜೋಡಿ-ಫಾಸ್ಫೀನ್ ಲೈಗ್ಯಾಂಡ್ ಇರುವ ಪಲ್ಲಾಡಿಯಂ ಡೈಕ್ಲೋರೈಡ್. ಕಿತ್ತಳೆ-ಕೆಂಪು ಪುಡಿ, ಗಾಳಿಯಲ್ಲಿ ತೂಗಬಹುದು. ಎಚ್ಚರ ಒಂದೇ: ಇದು ಎರಡು ರೂಪಗಳಲ್ಲಿ ಬರುತ್ತದೆ. ಡೈಕ್ಲೋರೊಮೀಥೇನ್ ಜೊತೆಗಿರುವ ರೂಪದ ಅಣುತೂಕ 816.6, ಇಲ್ಲದಿರುವುದರದ್ದು 731.7. ಬಾಟಲಿಯ ಚೀಟಿ ಓದದೆ ಲೆಕ್ಕ ಹಾಕಿದರೆ ಶೇಕಡಾ ಹತ್ತಕ್ಕಿಂತ ಹೆಚ್ಚಿನ ತಪ್ಪು ಮೊದಲ ಸಾಲಿನಲ್ಲೇ ನುಸುಳುತ್ತದೆ. ಆರೈಲ್ ಕ್ಲೋರೈಡ್‌ಗಳಿಗೆ ಇದನ್ನು ನೆಚ್ಚಬೇಡಿ. ಅಲ್ಲಿ ಎಕ್ಸ್‌ಫಾಸ್, ಎಸ್‌ಫಾಸ್‌ನಂಥ ಗಾತ್ರದ, ಇಲೆಕ್ಟ್ರಾನ್ ಸಮೃದ್ಧ ಫಾಸ್ಫೀನ್‌ಗಳೇ ಬೇಕು. ಲೈಗ್ಯಾಂಡ್ ನಿಜವಾಗಿಯೂ ಮುಖ್ಯವಾಗುವ ಜಾಗ ಅದು.

ಪ್ರತ್ಯಾಮ್ಲವಾಗಿ ಪೊಟ್ಯಾಸಿಯಂ ಕಾರ್ಬೊನೇಟ್ ಸಾಕು. ಬೋರಾನ್ ಪಕ್ಕದಲ್ಲಿ ಅಡ್ಡಗುಂಪುಗಳಿದ್ದರೆ ಪೊಟ್ಯಾಸಿಯಂ ಫಾಸ್ಫೇಟ್ ಹೆಚ್ಚು ಅನುಕೂಲ. ಅಣುವಿನಲ್ಲಿ ಎಸ್ಟರ್ ಇದ್ದರೆ ಬಲವಾದ ಹೈಡ್ರಾಕ್ಸೈಡ್‌ಗಳಿಂದ ದೂರವಿರಿ.

ದ್ರಾವಕ: ಡೈಆಕ್ಸೇನ್ ನಾಲ್ಕು ಪಾಲು, ನೀರು ಒಂದು ಪಾಲು. ಇಲ್ಲಿ ಹಲವರು ಮುಗ್ಗರಿಸುತ್ತಾರೆ. ಲೋಹದ ಕ್ರಿಯೆ ಎಂದ ಕೂಡಲೇ ನೀರು ತಾಗಿದರೆ ಕೆಡುವ ಗ್ರಿನ್ಯಾರ್ಡ್ ಕ್ರಿಯೆ ನೆನಪಾಗಿ ದ್ರಾವಕವನ್ನು ಸೋಡಿಯಂ ಮೇಲೆ ಒಣಗಿಸಿ, ನೀರಿನ ಹನಿಯೂ ಇಲ್ಲದಂತೆ ಮಾಡುತ್ತಾರೆ. ಸುಜುಕಿಗೆ ನೀರು ಶತ್ರುವಲ್ಲ. ಪ್ರತ್ಯಾಮ್ಲ ಕರಗುವುದೂ ಬೋರಾನ್ ತನ್ನ ಗುಂಪನ್ನು ಒಪ್ಪಿಸುವುದೂ ನೀರಿನಿಂದ ಸಲೀಸಾಗುತ್ತದೆ. ಇಲ್ಲಿ ಓಡಿಸಬೇಕಾದದ್ದು ಆಮ್ಲಜನಕವನ್ನು. ಹಳೆಯ ಡೈಆಕ್ಸೇನ್‌ನಲ್ಲಿ ಪೆರಾಕ್ಸೈಡ್ ಕೂಡಿಕೊಂಡಿರುತ್ತದೆ. ಅದು ಅಪಾಯಕಾರಿ, ಜೊತೆಗೆ ಫಾಸ್ಫೀನನ್ನೂ ಬೊರಾನಿಕ್ ಆಮ್ಲವನ್ನೂ ಉತ್ಕರ್ಷಿಸುತ್ತದೆ. ಪರೀಕ್ಷಾ ಪಟ್ಟಿಯಿಂದ ನೋಡಿಯೇ ಬಳಸಿ.

## ಹಂತ 3: ಸಲಕರಣೆ ಜೋಡಿಸಿಕೊಳ್ಳಿ

ಶ್ಲೆಂಕ್ ನಳಿಕೆ (ಅನಿಲದ ಲೈನ್‌ಗೆ ಜೋಡಿಸಲು ಪಕ್ಕದಲ್ಲಿ ಕೊಳಾಯಿ ಇರುವ ಗಾಜಿನ ನಳಿಕೆ) ಅಥವಾ ಬಿಗಿ ಸೆಪ್ಟಂ (ಸೂಜಿ ಚುಚ್ಚಬಹುದಾದ ರಬ್ಬರ್ ಮುಚ್ಚಳ) ಇರುವ ಗಾಜಿನ ವಯಲ್, ನಿರ್ವಾತ ಮತ್ತು ಸಾರಜನಕ ಎರಡೂ ಇರುವ ಲೈನ್, ತಳ ಮುಟ್ಟುವ ಉದ್ದ ಸೂಜಿ, ಗಾಳಿ ಹೊರಹೋಗಲು ಗಿಡ್ಡ ಸೂಜಿ, ಉಷ್ಣಮಾಪಕ ಮುಳುಗಿಸಿದ ಆಯಿಲ್ ಬಾತ್, ಟಿಎಲ್‌ಸಿ ಹಾಳೆ (ಮಿಶ್ರಣದ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಹಾಳೆ), ಅದನ್ನು ನೋಡಲು 254 ನ್ಯಾನೊಮೀಟರ್ ಅತಿನೇರಳೆ ದೀಪ. ಎಲ್ಲವೂ ಫ್ಯೂಮ್ ಹುಡ್ ಒಳಗೆ. ಕನ್ನಡಕ, ಕೈಗವಸು, ಕೋಟು ಹಾಕಿಯೇ. ಡೈಆಕ್ಸೇನ್ ಕ್ಯಾನ್ಸರ್‌ಕಾರಕವೆಂಬ ಶಂಕೆ ಇರುವ ದ್ರಾವಕ ಎಂಬುದು ನೆನಪಿರಲಿ.

ಮ್ಯಾಗ್ನೆಟಿಕ್ ಕಲಕುಕಡ್ಡಿ ಹೊಸದಾಗಿರಲಿ. ಹಳೆಯ ಕಡ್ಡಿಯ ಟೆಫ್ಲಾನ್ ಮೇಲಿನ ಗೀರುಗಳಲ್ಲಿ ಪಲ್ಲಾಡಿಯಂ ಅಡಗಿ ಕುಳಿತಿರುತ್ತದೆ, ಮಾಮೂಲಿ ತೊಳೆತಕ್ಕೆ ಹೋಗುವುದಿಲ್ಲ. ಹೊಸ ಲೋಹವನ್ನೋ ಲೋಹವಿಲ್ಲದ ಕ್ರಿಯೆಯನ್ನೋ ಹುಡುಕುತ್ತಿರುವವರಿಗೆ ಇದು ಮಾನ ಕಳೆಯುವ ವಿಷಯ. 2003ರಲ್ಲಿ ಪಲ್ಲಾಡಿಯಂ ಇಲ್ಲದೆಯೇ ಸುಜುಕಿ ನಡೆಯಿತೆಂದು ವರದಿಯಾದದ್ದು 2005ರಲ್ಲಿ ಬೇರೆಯೇ ಆಯಿತು: ಬಳಸಿದ ಸೋಡಿಯಂ ಕಾರ್ಬೊನೇಟ್‌ನಲ್ಲಿ ಶತಕೋಟಿಗೆ 50 ಭಾಗದಷ್ಟು ಪಲ್ಲಾಡಿಯಂ ಇತ್ತು. ಹೀಗಾಗಿ ಹೊಸ ಕ್ರಿಯಾವರ್ಧಕದ ಕೆಲಸವಾದರೆ, ಅದನ್ನು ಬಿಟ್ಟು ಉಳಿದೆಲ್ಲ ಹಾಕಿದ ಒಂದು ಖಾಲಿ ಪ್ರಯೋಗವನ್ನು, ಹೊಸ ಗಾಜು ಹೊಸ ಕಡ್ಡಿಯಲ್ಲಿ, ಜೊತೆಯಲ್ಲೇ ಇಡಿ.

## ಹಂತ 4: ಲೆಕ್ಕ

ಒಂದು ಮಿಲಿಮೋಲ್ ಪ್ರಮಾಣಕ್ಕೆ:

- 4-ಬ್ರೋಮೊಅನಿಸೋಲ್: 187 ಮಿಲಿಗ್ರಾಂ, ಅಂದರೆ 125 ಮೈಕ್ರೋಲೀಟರ್
- ಫಿನೈಲ್‌ಬೊರಾನಿಕ್ ಆಮ್ಲ, 1.2 ಪಟ್ಟು: 146 ಮಿಲಿಗ್ರಾಂ
- ಪೊಟ್ಯಾಸಿಯಂ ಕಾರ್ಬೊನೇಟ್, 3 ಪಟ್ಟು: 415 ಮಿಲಿಗ್ರಾಂ
- ಕ್ರಿಯಾವರ್ಧಕ, 3 ಮೋಲ್ ಶೇಕಡಾ: ಡೈಕ್ಲೋರೊಮೀಥೇನ್ ರೂಪವಾದರೆ 24.5 ಮಿಲಿಗ್ರಾಂ
- ಡೈಆಕ್ಸೇನ್ 4 ಮಿಲಿಲೀಟರ್, ನೀರು 1 ಮಿಲಿಲೀಟರ್

ಪೂರ್ಣ ಇಳುವರಿ ಎಂದರೆ 184 ಮಿಲಿಗ್ರಾಂ ಉತ್ಪನ್ನ. ಈ ಸಂಖ್ಯೆಯನ್ನು ಪ್ರಯೋಗಪುಸ್ತಕದಲ್ಲಿ ಮೊದಲೇ ಬರೆದಿಡಿ. ಕೊನೆಯಲ್ಲಿ 210 ಮಿಲಿಗ್ರಾಂ ಬಂದರೆ ಹಿಗ್ಗುವ ಬದಲು ದ್ರಾವಕ ಉಳಿದಿದೆಯೇ ನೋಡಬೇಕೆಂದು ಅದೇ ಹೇಳುತ್ತದೆ.

## ಹಂತ 5: ಆಮ್ಲಜನಕವನ್ನು ಹೊರಹಾಕಿ

ಸೋಲುಗಳ ತವರು ಇದೇ. ಬಲೂನ್ ಚುಚ್ಚಿದ ಮಾತ್ರಕ್ಕೆ ಫ್ಲಾಸ್ಕ್ ಆಮ್ಲಜನಕಮುಕ್ತವಾಗುವುದಿಲ್ಲ. ದ್ರವದಲ್ಲಿ ಕರಗಿರುವ ಗಾಳಿ ಹಾಗೆಯೇ ಇರುತ್ತದೆ, ಬಲೂನಿನ ರಬ್ಬರ್ ಮೂಲಕವೂ ನಿಧಾನವಾಗಿ ಆಮ್ಲಜನಕ ಒಳಬರುತ್ತದೆ.

ದ್ರಾವಕಕ್ಕೆ ಬೇರೆ ಫ್ಲಾಸ್ಕ್ ಇಡಿ. ಡೈಆಕ್ಸೇನ್ ಮತ್ತು ನೀರನ್ನು ಬೆರೆಸಿ, ಉದ್ದ ಸೂಜಿಯನ್ನು ತಳದವರೆಗೆ ಇಳಿಸಿ, ಗಿಡ್ಡ ಸೂಜಿಯನ್ನು ಮೇಲೆ ಚುಚ್ಚಿ, ಸಾರಜನಕ ಅಥವಾ ಆರ್ಗಾನ್ ಗುಳ್ಳೆಗಳನ್ನು 20 ನಿಮಿಷ ಹಾಯಿಸಿ. ಸೂಜಿಯ ತುದಿ ದ್ರವದ ಮೇಲೆ ತೇಲುತ್ತಿದ್ದರೆ ಪ್ರಯೋಜನವಿಲ್ಲ. ಹೊರದಾರಿ ಇಲ್ಲದೆ ಅನಿಲ ಬಿಡುವುದಂತೂ ಅಪಾಯ.

ಘನಗಳಿಗೆ ನಿರ್ವಾತ ಮತ್ತು ಸಾರಜನಕದ ಮೂರು ಸುತ್ತು. ನಿರ್ವಾತದ ಕೊಳಾಯಿಯನ್ನು ತಟ್ಟನೆ ತೆರೆದರೆ ಹಗುರವಾದ ಪುಡಿ ಹಾರಿ ಲೈನ್ ಸೇರುತ್ತದೆ, ನಿಧಾನವಾಗಿ ತಿರುಗಿಸಿ.

ತೀರಾ ಸೂಕ್ಷ್ಮ ಕ್ರಿಯೆಗೆ ದ್ರವವನ್ನು ಹೆಪ್ಪುಗಟ್ಟಿಸಿ, ಮೇಲಿನ ಅನಿಲವನ್ನು ನಿರ್ವಾತದಿಂದ ಎಳೆದು, ಮತ್ತೆ ಕರಗಿಸುವ ವಿಧಾನವಿದೆ. ಅಲ್ಲಿ ಒಂದು ಮಾತು ಮರೆಯಬಾರದು: ದ್ರವ ಸಾರಜನಕದಲ್ಲಿ ಮುಳುಗಿರುವ ಫ್ಲಾಸ್ಕ್‌ಗೆ ಗಾಳಿಯನ್ನಾಗಲಿ ಆರ್ಗಾನನ್ನಾಗಲಿ ಬಿಡಬೇಡಿ. ದ್ರವ ಸಾರಜನಕ ಮೈನಸ್ 196 ಡಿಗ್ರಿಯಲ್ಲಿದೆ. ಆಮ್ಲಜನಕ ಮೈನಸ್ 183ರಲ್ಲಿ, ಆರ್ಗಾನ್ ಮೈನಸ್ 186ರಲ್ಲಿ ದ್ರವವಾಗುತ್ತವೆ. ಒಳಗೆ ಹಾಗೆ ಸಂಗ್ರಹವಾದದ್ದು ಮುಚ್ಚಿದ ಗಾಜಿನಲ್ಲಿ ಬೆಚ್ಚಗಾದಾಗ ಸ್ಫೋಟವಾಗಬಹುದು. ಫ್ಲಾಸ್ಕ್ ಅಥವಾ ಟ್ರ್ಯಾಪ್‌ನಲ್ಲಿ ತಿಳಿನೀಲಿ ದ್ರವ ಕಂಡರೆ ಅದು ದ್ರವ ಆಮ್ಲಜನಕ. ಮುಚ್ಚಬೇಡಿ, ಶೀತಕವನ್ನು ತೆಗೆಯಬೇಡಿ. ಹುಡ್‌ನ ಗಾಜನ್ನು ಇಳಿಸಿ, ಎಲ್ಲರನ್ನೂ ದೂರ ಕಳುಹಿಸಿ, ಪ್ರಯೋಗಾಲಯದ ಸುರಕ್ಷತಾ ಹೊಣೆ ಹೊತ್ತವರನ್ನು ಕರೆಯಿರಿ.

## ಹಂತ 6: ಸೇರಿಸುವ ಕ್ರಮ

1. ಒಣ ನಳಿಕೆಗೆ ಕಲಕುಕಡ್ಡಿ, ಬೊರಾನಿಕ್ ಆಮ್ಲ, ಕಾರ್ಬೊನೇಟ್, ಕ್ರಿಯಾವರ್ಧಕ. ಎಲ್ಲವೂ ಘನ ಸ್ಥಿತಿಯಲ್ಲಿ.
2. ನಿರ್ವಾತ-ಸಾರಜನಕದ ಮೂರು ಸುತ್ತು.
3. ಸಾರಜನಕದ ಹರಿವಿನಡಿ ದ್ರವ ಹ್ಯಾಲೈಡ್. ಹ್ಯಾಲೈಡ್ ಘನವಾಗಿದ್ದರೆ ಮೊದಲ ಹೆಜ್ಜೆಯಲ್ಲೇ ಹಾಕಿ.
4. ಅನಿಲ ಹಾಯಿಸಿದ ದ್ರಾವಕ, ಸಿರಿಂಜ್ ಮೂಲಕ. ಸಿರಿಂಜನ್ನು ಮೊದಲು ಮೂರು ಬಾರಿ ಸಾರಜನಕದಿಂದ ತುಂಬಿ ಖಾಲಿ ಮಾಡಿ.
5. ಕೋಣೆಯ ಉಷ್ಣತೆಯಲ್ಲಿ ಐದು ನಿಮಿಷ ಜೋರಾಗಿ ಕಲಕಿ. ಆಮೇಲೆ 85 ಡಿಗ್ರಿಯ ಬಾತ್‌ಗೆ ಇಳಿಸಿ.

ಟೆಟ್ರಾಕಿಸ್ ಬಳಸುವವರು ಕ್ರಮ ಬದಲಿಸಬೇಕು. ಉಳಿದೆಲ್ಲವನ್ನೂ ಹಾಕಿ, ಅನಿಲ ಹಾಯಿಸಿ, ಪಲ್ಲಾಡಿಯಂ ಅನ್ನು ಕಟ್ಟಕಡೆಗೆ ಸಾರಜನಕದ ಹರಿವಿನಲ್ಲಿ ಸೇರಿಸಬೇಕು. ಗಾಳಿ ಇರುವ ದ್ರಾವಕದಲ್ಲಿ ಟೆಟ್ರಾಕಿಸ್ ಕರಗಿಸಿ, ಬಿಸಿ ಮಾಡುತ್ತಾ, ನಂತರ ಗುಳ್ಳೆ ಹಾಯಿಸುವುದು ನಾನು ಕಂಡಿರುವ ತಪ್ಪುಗಳಲ್ಲೆಲ್ಲ ಸಾಮಾನ್ಯವಾದದ್ದು.

ಮುಚ್ಚಿದ ವಯಲ್ ಆದರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮುಂದೆ ರಕ್ಷಣಾ ಫಲಕ ಇಡಿ, ಬಿಸಿ ಇರುವಾಗ ತೆರೆಯಬೇಡಿ.

## ಹಂತ 7: ಬಣ್ಣವನ್ನು ನೋಡಿ, ಟಿಎಲ್‌ಸಿಯನ್ನು ಪೂರ್ತಿ ನಂಬಬೇಡಿ

ಕಿತ್ತಳೆ ಮಿಶ್ರಣ ಕೆಂಪು-ಕಂದಿಗೆ, ಆಮೇಲೆ ಗಾಢ ಕಂದಿಗೆ ತಿರುಗುವುದು ಸಹಜ. ಹ್ಯಾಲೈಡ್ ಮುಗಿದ ಮೇಲೆ ಕಪ್ಪಾದರೂ ಚಿಂತೆಯಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಕಪ್ಪು ಪುಡಿ ಬಿದ್ದು, ಗಾಜಿನ ಗೋಡೆಗೆ ಕನ್ನಡಿಯಂಥ ಲೇಪ ಹಿಡಿದು, ಹ್ಯಾಲೈಡ್ ಹಾಗೇ ಉಳಿದಿದ್ದರೆ ಪಲ್ಲಾಡಿಯಂ ಸತ್ತಿದೆ. ಇನ್ನೂ ಹನ್ನೆರಡು ಗಂಟೆ ಕಾಯಿಸಿದರೆ ಅದು ಎದ್ದು ಬರುವುದಿಲ್ಲ.

ಟಿಎಲ್‌ಸಿಯಲ್ಲಿ ನಮ್ಮ ಉದಾಹರಣೆಯ ಬ್ರೋಮೈಡ್ ಮತ್ತು ಉತ್ಪನ್ನ ಅಕ್ಕಪಕ್ಕದಲ್ಲೇ ಓಡುತ್ತವೆ. ಆರಂಭ ವಸ್ತು, ಕ್ರಿಯಾಮಿಶ್ರಣ, ಎರಡರ ಮಿಶ್ರಚುಕ್ಕೆ, ಮೂರನ್ನೂ ಒಂದೇ ಹಾಳೆಯಲ್ಲಿ ಓಡಿಸಿ. ಕೆಳಗೆ ಎಳೆದುಕೊಂಡ ಪಟ್ಟಿ ಬೊರಾನಿಕ್ ಆಮ್ಲದ್ದು. ಇನ್ನೂ ಖಚಿತವಾದ ದಾರಿ ಪ್ರೋಟಾನ್ ಎನ್‌ಎಂಆರ್: ಡ್ಯೂಟರೀಕೃತ ಕ್ಲೋರೊಫಾರ್ಮ್‌ನಲ್ಲಿ ಬ್ರೋಮೈಡ್‌ನ ಮೆಥಾಕ್ಸಿ ಶಿಖರ 3.78 ಪಿಪಿಎಂ ಬಳಿ, ಉತ್ಪನ್ನದ್ದು 3.86 ಪಿಪಿಎಂ ಬಳಿ. ಎರಡು ಶಿಖರಗಳ ವಿಸ್ತೀರ್ಣದ ಅನುಪಾತವೇ ಪ್ರಗತಿ ಪತ್ರ.

## ಹಂತ 8: ಸೋತ ಫ್ಲಾಸ್ಕ್‌ನ ವಿಚಾರಣೆ

ಲೈಗ್ಯಾಂಡ್ ಬದಲಿಸುವ ಮುನ್ನ ಒಂದು ಹನಿ ಮಿಶ್ರಣವನ್ನು ಈಥೈಲ್ ಅಸಿಟೇಟ್‌ನಲ್ಲಿ ತೆಳುಮಾಡಿ, ಸಣ್ಣ ಸಿಲಿಕಾ ಪದರದಲ್ಲಿ ಸೋಸಿ ಜಿಸಿ-ಎಂಎಸ್‌ಗೆ (ಮಿಶ್ರಣವನ್ನು ಬೇರ್ಪಡಿಸಿ ಪ್ರತಿ ಅಣುವಿನ ದ್ರವ್ಯರಾಶಿ ಹೇಳುವ ಯಂತ್ರ) ಕೊಡಿ. ಕೆಳಗಿನ ಸಂಖ್ಯೆಗಳು ಆ ದ್ರವ್ಯರಾಶಿಗಳು, ಪ್ರತಿಯೊಂದೂ ಒಂದು ಸಾಕ್ಷಿ.

186 ಮತ್ತು 188, ಸಮ ಎತ್ತರದ ಜೋಡಿ. ಬ್ರೋಮೈಡ್ ಹಾಗೆಯೇ ಇದೆ. ಬೊರಾನಿಕ್ ಆಮ್ಲವೂ ಉಳಿದಿದೆಯೇ ನೋಡಿ. ಉಳಿದಿದ್ದರೆ ಪಲ್ಲಾಡಿಯಂ ಸತ್ತಿದೆ ಅಥವಾ ಎಚ್ಚರಗೊಂಡೇ ಇಲ್ಲ. ಆಮ್ಲಜನಕ ಮತ್ತು ಕ್ರಿಯಾವರ್ಧಕದ ಗುಣಮಟ್ಟ ಶಂಕಿತರು. ಆಮ್ಲ ಮುಗಿದುಹೋಗಿದ್ದರೆ ಅದು ಬೋರಾನನ್ನು ಕಳಚಿಕೊಂಡಿದೆ. ನಮ್ಮ ಉದಾಹರಣೆಯಲ್ಲಿ ಅದರ ಕುರುಹು ಬೆಂಜೀನ್. ದ್ರಾವಕದ ಶಿಖರದಲ್ಲಿ ಮುಚ್ಚಿಹೋಗಿ ಕಣ್ಣಿಗೆ ಬೀಳುವುದಿಲ್ಲ. ಮದ್ದು: ಕಡಿಮೆ ಉಷ್ಣತೆ, ಚುರುಕಾದ ಕ್ರಿಯಾವರ್ಧಕ. ಎಕ್ಸ್‌ಫಾಸ್‌ನ ಎರಡನೆಯ ಪೀಳಿಗೆಯ ಪೂರ್ವವರ್ಧಕ (ಫ್ಲಾಸ್ಕ್‌ನೊಳಗೆ ಚುರುಕಾದ ಕ್ರಿಯಾವರ್ಧಕವಾಗಿ ಬದಲಾಗುವ ಪಲ್ಲಾಡಿಯಂ ಸಂಯುಕ್ತ) ಪೊಟ್ಯಾಸಿಯಂ ಫಾಸ್ಫೇಟ್ ಜೊತೆ 40 ಡಿಗ್ರಿಯೊಳಗೇ ಕೆಲಸ ಮಾಡುತ್ತದೆ. ಆಮ್ಲ ಕೆಡುವ ಮೊದಲೇ ಜೋಡಣೆ ಮುಗಿದಿರುತ್ತದೆ.

154. ಬೈಫಿನೈಲ್, ಅಂದರೆ ಬೊರಾನಿಕ್ ಆಮ್ಲ ತನ್ನೊಂದಿಗೆ ತಾನೇ ಜೋಡಿಕೊಂಡಿದೆ. ಸ್ವಲ್ಪ ಕಂಡರೆ ಗಾಬರಿ ಬೇಡ. ಪಲ್ಲಾಡಿಯಂ ಅನ್ನು +2 ಉತ್ಕರ್ಷಣ ಸ್ಥಿತಿಯಲ್ಲಿ ಹಾಕಿದ್ದೇವೆ. ಅದು ಶೂನ್ಯಕ್ಕೆ ಇಳಿಯಲು ಎರಡು ಬೊರಾನಿಕ್ ಆಮ್ಲಗಳನ್ನು ಬಲಿ ಪಡೆದು ಒಂದು ಬೈಫಿನೈಲ್ ಉಗುಳುತ್ತದೆ. 3 ಮೋಲ್ ಶೇಕಡಾ ಕ್ರಿಯಾವರ್ಧಕಕ್ಕೆ ಸುಮಾರು 3 ಶೇಕಡಾ ಬೈಫಿನೈಲ್ ನ್ಯಾಯವಾದ ಲೆಕ್ಕ. 10 ಶೇಕಡಾ ದಾಟಿದರೆ ಆಮ್ಲಜನಕ ಒಳಗಿದೆ.

ಟ್ರೈಫಿನೈಲ್‌ಫಾಸ್ಫೀನ್ ಇದ್ದಾಗ ಬೈಫಿನೈಲ್‌ಗೆ ಇನ್ನೊಂದು ಮೂಲವೂ ಉಂಟು. ಪಲ್ಲಾಡಿಯಂ ಮೇಲಿನ ಅನಿಸೈಲ್ ಗುಂಪು ಫಾಸ್ಫೀನ್‌ನ ಫಿನೈಲ್ ಗುಂಪಿನೊಡನೆ ಅದಲುಬದಲಾಗಬಹುದು. ಇಲೆಕ್ಟ್ರಾನ್ ಸಮೃದ್ಧ ಉಂಗುರಗಳಲ್ಲಿ ಇದು ಹೆಚ್ಚು. ಯಾವುದು ನಿಜವೆಂದು ಗೊತ್ತಾಗಬೇಕಾದರೆ ಫಿನೈಲ್ ಬದಲು 4-ಟೋಲೈಲ್‌ಬೊರಾನಿಕ್ ಆಮ್ಲ ಹಾಕಿ. 182 ಕಂಡರೆ ಸ್ವಜೋಡಣೆ, 168 ಕಂಡರೆ ಅದಲುಬದಲು. ಮೊದಲನೆಯದಕ್ಕೆ ಅನಿಲ ಹಾಯಿಸುವಿಕೆ ಸರಿಪಡಿಸಿ, ಎರಡನೆಯದಕ್ಕೆ ಲೈಗ್ಯಾಂಡ್ ಬದಲಿಸಿ. ನೋಡಿ, ಲೈಗ್ಯಾಂಡ್ ಬದಲಿಸಲು ಈಗ ಒಂದು ಕಾರಣ ಸಿಕ್ಕಿತು.

108. ಅನಿಸೋಲ್. ಬ್ರೋಮಿನ್ ಹೋಗಿ ಹೈಡ್ರೋಜನ್ ಬಂದಿದೆ. ಎಥನಾಲ್, ಐಸೊಪ್ರೊಪನಾಲ್, ಅಮೀನ್, ಬಿಸಿ ಡಿಎಂಎಫ್ ಇವು ಹೈಡ್ರೈಡ್ ಒದಗಿಸುತ್ತವೆ. ಡೈಆಕ್ಸೇನ್ ಅಥವಾ ಟಾಲೀನ್‌ಗೆ ಬನ್ನಿ.

94. ಫೀನಾಲ್. ಬೊರಾನಿಕ್ ಆಮ್ಲ ಉತ್ಕರ್ಷಣಗೊಂಡಿದೆ. ಡೈಆಕ್ಸೇನ್ ಬಾಟಲಿಯ ಪೆರಾಕ್ಸೈಡ್ ಪರೀಕ್ಷೆಯನ್ನು ಬಿಟ್ಟಿದ್ದೀರಿ.

ಏನೂ ಕಾಣದೆ ಇಳುವರಿ ಮಾತ್ರ ಕಡಿಮೆಯಾಗಿ, ಅಣುವಿನಲ್ಲಿ ಎಸ್ಟರ್ ಇದ್ದರೆ ನೀರಿನ ಪದರವನ್ನು ಎಸೆಯಬೇಡಿ. ಎಸ್ಟರ್ ಸೀಳಿ ಕಾರ್ಬಾಕ್ಸಿಲೇಟ್ ಆಗಿ ಅಲ್ಲಿ ಕುಳಿತಿರಬಹುದು. ಎಚ್ಚರದಿಂದ ಆಮ್ಲೀಯಗೊಳಿಸಿ ಮತ್ತೆ ಸಾರ ತೆಗೆಯಿರಿ. ಕಾರ್ಬೊನೇಟ್ ಇರುವುದರಿಂದ ಇಂಗಾಲದ ಡೈಆಕ್ಸೈಡ್ ಉಕ್ಕುತ್ತದೆ, ಪ್ರತ್ಯೇಕಕ ಆಲಿಕೆಯನ್ನು ಮುಚ್ಚಿ ಕುಲುಕಬೇಡಿ.

## ಹಂತ 9: ಸಂಸ್ಕರಣೆ ಮತ್ತು ಶುದ್ಧೀಕರಣ

ಪೂರ್ತಿ ತಣ್ಣಗಾದ ಮೇಲೆ ಈಥೈಲ್ ಅಸಿಟೇಟ್ ಮತ್ತು ನೀರು ಸೇರಿಸಿ, ಸೆಲೈಟ್ (ಸೋಸಲು ಬಳಸುವ ನುಣುಪಾದ ಪುಡಿ) ಪದರದ ಮೂಲಕ ಸೋಸಿ. ಸೆಲೈಟ್ ಬಿಟ್ಟರೆ ಕಪ್ಪು ಪಲ್ಲಾಡಿಯಂ ಎರಡು ಪದರಗಳ ನಡುವೆ ಗಸಿಯಾಗಿ ನಿಂತು ಬೇರ್ಪಡಲು ಬಿಡುವುದಿಲ್ಲ. ಸೋಸಿದ ಸೆಲೈಟನ್ನು ಒಣಗಲು ಬಿಡಬೇಡಿ. ಅದರಲ್ಲಿ ಇಂಗಾಲದ ಪುಡಿಯೂ ಇದ್ದರೆ ದ್ರಾವಕದ ಆವಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಯೇ ಪಲ್ಲಾಡಿಯಂ ತ್ಯಾಜ್ಯದ ಡಬ್ಬಿಗೆ ಹಾಕಿ.

ಉಳಿದ ಬೊರಾನಿಕ್ ಆಮ್ಲವನ್ನು ತೆಗೆಯಲು ಸಾವಯವ ಪದರವನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಒಮ್ಮೆ ತೊಳೆಯಿರಿ. ಎಸ್ಟರ್ ಇರುವ ಅಣುವಿಗೆ ಮಾತ್ರ ಇದು ಬೇಡ. ನಂತರ ಉಪ್ಪುನೀರು, ಜಲರಹಿತ ಸೋಡಿಯಂ ಸಲ್ಫೇಟ್, ಆವೀಕರಣ. ಈ ಒಂದು ತೊಳೆತ ಮಾಡಿದವರ ಕಾಲಂ ಅಚ್ಚುಕಟ್ಟಾಗಿ ಓಡುತ್ತದೆ, ಬಿಟ್ಟವರ ಕಾಲಂನಲ್ಲಿ ಬೊರಾನಿಕ್ ಆಮ್ಲ ಉದ್ದಕ್ಕೂ ಜಾರುತ್ತಾ ಬರುತ್ತದೆ.

ಸಿಲಿಕಾ ಕಾಲಂಗೆ ಹೆಕ್ಸೇನ್‌ನಲ್ಲಿ ಶೇಕಡಾ 2ರಿಂದ 5 ಈಥೈಲ್ ಅಸಿಟೇಟ್. ಬೈಫಿನೈಲ್ ಮೊದಲು ಇಳಿಯುತ್ತದೆ, ಉತ್ಪನ್ನ ಅದರ ಹಿಂದೆ ಬಿಳಿ ಘನವಾಗಿ. ಟ್ರೈಫಿನೈಲ್‌ಫಾಸ್ಫೀನ್ ಆಕ್ಸೈಡ್ ಕಾಡುತ್ತಿದ್ದರೆ ಎಥನಾಲ್‌ನಲ್ಲಿ ಸತುವಿನ ಕ್ಲೋರೈಡ್ ಸೇರಿಸಿ. ಆಕ್ಸೈಡ್ ಅದರೊಡನೆ ಸಂಕೀರ್ಣವಾಗಿ ಕೆಳಗೆ ಕೂರುತ್ತದೆ.

ಉತ್ಪನ್ನ ಬಿಳಿಯಾಗಿ ಕಂಡರೂ ಪಲ್ಲಾಡಿಯಂ ಇರಬಹುದು. ಜೀವಕೋಶ ಪರೀಕ್ಷೆಗೆ ಹೋಗುವ ಅಣುವಾದರೆ ಥಯೋಲ್ ಗುಂಪು ಕೂಡಿಸಿದ ಸಿಲಿಕಾದೊಂದಿಗೆ ಕಲಕಿ ಸೋಸಿ, ಉಳಿದ ಲೋಹವನ್ನು ಐಸಿಪಿ-ಎಂಎಸ್ ಯಂತ್ರದಲ್ಲಿ ಅಳೆಸಿ. ಬಾಯಿಯ ಮೂಲಕ ಕೊಡುವ ಔಷಧಿಗಳಿಗೆ ಔಷಧ ನಿಯಮಗಳನ್ನು ಏಕರೂಪಗೊಳಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ ಮಾರ್ಗಸೂಚಿ ಇಟ್ಟಿರುವ ಮಿತಿ ದಿನಕ್ಕೆ 100 ಮೈಕ್ರೊಗ್ರಾಂ ಪಲ್ಲಾಡಿಯಂ.

## ಹಂತ 10: ಪ್ರಮಾಣ ಹೆಚ್ಚಿಸುವಾಗ

ಒಂದು ಮಿಲಿಮೋಲ್‌ನಲ್ಲಿ ನಡೆದದ್ದು 20 ಮಿಲಿಮೋಲ್‌ನಲ್ಲಿ ನಿಂತರೆ ಮೊದಲು ಕಲಕುವಿಕೆಯನ್ನು ನೋಡಿ. ಕಾರ್ಬೊನೇಟ್ ಹೆಚ್ಚಿದ್ದಾಗ ಡೈಆಕ್ಸೇನ್ ಮತ್ತು ನೀರು ಎರಡು ಪದರಗಳಾಗುತ್ತವೆ. ಸಣ್ಣ ಕಡ್ಡಿ ಕೆಳಪದರವನ್ನಷ್ಟೇ ತಿರುಗಿಸುತ್ತಿರುತ್ತದೆ. ದೊಡ್ಡ ಕಡ್ಡಿ ಅಥವಾ ಮೇಲಿನಿಂದ ತಿರುಗುವ ಯಾಂತ್ರಿಕ ಕಲಕುಯಂತ್ರ ಬೇಕು. 100 ಮಿಲಿಲೀಟರ್ ದ್ರಾವಕಕ್ಕೆ 20 ನಿಮಿಷದ ಗುಳ್ಳೆ ಸಾಲದು, ಒಂದು ಗಂಟೆ ಹಾಯಿಸಿ. ಈ ಗಾತ್ರದಲ್ಲಿ ಮುಚ್ಚಿದ ಪಾತ್ರೆ ಬೇಡ. ಕಂಡೆನ್ಸರ್ ಮೇಲೆ ಸಾರಜನಕದ ಬಬ್ಲರ್ ಇಡಿ. ಕ್ರಿಯೆ ಶಾಖ ಬಿಡುವುದರಿಂದ ಬಾತ್‌ನ ಉಷ್ಣತೆಯಲ್ಲ, ಮಿಶ್ರಣದೊಳಗಿನ ಉಷ್ಣತೆಯನ್ನು ಅಳೆಯಿರಿ, ಮೊದಲ ಅರ್ಧ ಗಂಟೆ ಹುಡ್ ಬಿಟ್ಟು ಕದಲಬೇಡಿ.